ಚೀನಾಕ್ಕೆ ಎರಡು ಹೆಸರು

ನವೆಂಬರ್ 10, 2025, ಸೋಮವಾರ

ಅರವತ್ತೈದು ವರ್ಷದ ಮುದುಕಿಯ ಕೈಗೆ ಇನ್ನೂರು ಪುಟದ ನೋಟುಬುಕ್ಕು ಕೊಟ್ಟು ದಿನಾ ಒಂದು ಪುಟ ಬರೆಯಿರಿ ಎನ್ನುವ ಸೊಸೆ ಇಡೀ ಕುಪ್ಪೇಲೂರಿನಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದಾಳೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ಬರೆಯುವುದು ಬೇಜಾರಾಗಿ ನಾನೇ ಬಿಟ್ಟೆ. ಬಿಟ್ಟ ಪೀಡೆ ಐವತ್ತೈದು ವರ್ಷದ ಮೇಲೆ ಮನೆ ಹುಡುಕಿಕೊಂಡು ಬಂದಿದೆ.

ಎಲ್ಲಾ ಪಾಸ್‌ಪೋರ್ಟಿನ ದೆಸೆಯಿಂದ. ಅರ್ಜಿಯ ಮೇಲೆ ಮೂರು ಕಡೆ ಸಹಿ ಮಾಡಿದೆ. ಸೊಸೆ ರೋಹಿಣಿ ನೋಡಿ ನಕ್ಕಳು.

"ಅತ್ತಿ, ಇವು ಮೂರು ಮಂದಿ ದೇವವ್ವಗೋಳ ಸಹಿ ಆಗ್ಯಾವು. ಚೀನಾದವರು ಯಾರನ್ನ ಒಳಗ ಬಿಡಬೇಕು?"

"ಹೆಬ್ಬಟ್ಟು ಒತ್ತತೇನಿ, ಶಾಯಿ ತಗೊಂಬಾ."

"ಓದಾಕ ಬರಿಯಾಕ ಬರೋರು ಯಾಕ ಹೆಬ್ಬಟ್ಟು ಒತ್ತಬೇಕು? ದಿನಾ ಒಂದು ಪುಟ ಬರೀರಿ, ಕೆಳಗ ಸಹಿ ಮಾಡ್ರಿ, ಕೈ ಕುದುರತದ. ಏನ ಬೇಕಾದ್ದು ಬರೀರಿ. ನಾ ಓದೂದಿಲ್ಲ."

ಅಗ್ಗದ ನೋಟುಬುಕ್ಕು ತಂದಿದ್ದಾಳೆ. ಗೆರೆಗಳು ಕಾಣುವುದೇ ಇಲ್ಲ. ಈಗಿನವರು ಗೆರೆ ಎಳೆಯುವುದರಲ್ಲೂ ಶಾಯಿ ಉಳಿಸುತ್ತಾರೆ.

ನವೆಂಬರ್ 12, ಬುಧವಾರ

ಚೀನಾ ಯಾಕೆ ಎಂದು ಊರವರಿಗೆ ಹೇಳಿ ಹೇಳಿ ಬಾಯಿ ಸೋತಿದೆ. ಇಲ್ಲಿ ಒಂದು ಸಲ ಬರೆದು ಮುಗಿಸುತ್ತೇನೆ.

ನಾವು ರಾಣೇಬೆನ್ನೂರಿನ ಬೀಜದ ಕಂಪನಿಗೆ ಟೊಮ್ಯಾಟೊ ಬೀಜ ಮಾಡಿಕೊಡುವವರು. ಕ್ರಾಸಿಂಗ್ ಎನ್ನುತ್ತಾರೆ. ಮಧ್ಯಾಹ್ನ ಹೆಣ್ಣು ಸಾಲಿನ ಮೊಗ್ಗು ಸೀಳಿ, ಚಿಮಟದಿಂದ ಒಳಗಿನ ಗಂಡು ಭಾಗ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಟೊಮ್ಯಾಟೊ ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮೊಗ್ಗು ತಿಳಿಹಳದಿ ಇರುವಾಗಲೇ ಸೀಳಬೇಕು. ಅಚ್ಚ ಹಳದಿ ಆದರೆ ತನ್ನ ಪುಡಿ ತನ್ನ ಮೇಲೇ ಬಿದ್ದಿರುತ್ತದೆ, ಬೀಜ ಕೆಟ್ಟಿತು. ಅಂಥ ನಾಲ್ಕು ಹೂ ಸೇರಿದರೆ ಇಡೀ ಹೊಲದ ಬೀಜ ಕಂಪನಿ ವಾಪಸು ಕಳಿಸುತ್ತದೆ. ನಮ್ಮ ಹೊಲದ ಬೀಜವನ್ನು ಮೂರು ವರ್ಷ ಬಿತ್ತಿ ನೋಡಿದ್ದಾರೆ, ಒಂದು ಗಿಡವೂ ಬೆರಕೆ ಬಂದಿಲ್ಲ. ಚೀನಾದ ಗಾನ್ಸು ಎಂಬ ಸೀಮೆಯಲ್ಲೂ ಹೆಂಗಸರು ಇದೇ ಕೆಲಸ ಮಾಡುತ್ತಾರಂತೆ. ಬರುವ ಜೂನ್‌ನಲ್ಲಿ ಹನ್ನೆರಡು ದಿನ ಅವರ ಹೊಲಕ್ಕೆ ನಮ್ಮ ಕಡೆಯ ಒಬ್ಬರನ್ನು ಕಂಪನಿ ಕಳಿಸುತ್ತದೆ. ಆ ಒಬ್ಬಳು ನಾನು.

ನಾನು ಹುಬ್ಬಳ್ಳಿ ದಾಟಿದವಳಲ್ಲ. ಆದರೆ ಆ ಚೀನಾದ ಹೆಂಗಸರ ಕೈ ನೋಡಬೇಕು. ನನಗಿಂತ ಲಗೂ ಸೀಳುವವರು ಇದ್ದಾರೋ ಇಲ್ಲವೋ ನೋಡಿಯೇ ಸಾಯಬೇಕು ಎಂದು ಹಟ ಹಿಡಿದಿದೆ.

ನವೆಂಬರ್ 18, ಮಂಗಳವಾರ

ಹುಟ್ಟಿದ ತಾರೀಖಿನ ಕಾಗದಕ್ಕೆ ತವರೂರು ಕದರಮಂಡಲಗಿಗೆ ಹೋಗಿದ್ದೆ. ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮೆಣಸಿನಕಾಯಿ ಘಾಟಿಗೆ ಇಡೀ ಬಸ್ಸು ಸೀನಿತು, ನಾನೂ ಸೀನಿದೆ. ತವರೂರು ಮುಟ್ಟಿ ಗುಡಿಯ ಹನುಮಪ್ಪನಿಗೆ ಕೈ ಮುಗಿದು ಶಾಲೆಗೆ ಹೋದೆ.

ಹೆಡ್‌ಮಾಸ್ತರ ಹೆಸರು ಕರಬಸಪ್ಪ. ಕಪಾಟಿನ ಹಳೇ ರಜಿಸ್ಟರಿನ ಧೂಳು ಜಾಡಿಸಿ ಎರಡು ತಾಸು ಹುಡುಕಿದರು. ಇರುವುದಿಲ್ಲ, ಮನೆಗೆ ಹೋಗಿರಿ ಎಂದು ಒಂದು ಮಾತು ಹೇಳಿದ್ದರೆ ನಾನೇನು ಮಾಡುತ್ತಿದ್ದೆ. ಹೇಳಲಿಲ್ಲ. ಸಿಕ್ಕಿತು. ನನ್ನ ಹೆಸರಿನ ಮುಂದೆ "ಸ್ವಂತ ಇಚ್ಛೆಯಿಂದ ಬಿಟ್ಟಳು" ಎಂದು ಬರೆದಿದೆ.

"ಅವ್ವಾರ, ಇಂಥಾ ಕಾರಣ ನಾ ಎಲ್ಲೂ ನೋಡಿಲ್ರಿ" ಎಂದರು ಮಾಸ್ತರು.

"ಖರೇ ಐತಲ್ಲ, ಮತ್ತೇನ ಬರೀಬೇಕಿತ್ತು?"

ನಕ್ಕು ಚಹಾ ತರಿಸಿದರು. ಬರುವಾಗ ಉಪಕಾರ ಆಯಿತು ಎನ್ನಬೇಕಿತ್ತು. ನನ್ನ ಬಾಯಿಗೆ ಆ ಮಾತು ಬರುವುದಿಲ್ಲ. ಇಲ್ಲಿ ಬರೆದಿದ್ದೇನೆ. ಉಪಕಾರ ಆಯಿತು ಮಾಸ್ತರ.

ನವೆಂಬರ್ 25, ಮಂಗಳವಾರ

ಹಾವೇರಿಯಲ್ಲಿ ಫೋಟೋ. ಬಿಳಿ ಗೋಡೆ, ನಗಬಾರದು. ನಾನು ಹೇಗೂ ನಗುವುದಿಲ್ಲ. ಫೋಟೋದವನು ಹತ್ತಿರ ಬಂದು ಬಗ್ಗಿ ನೋಡಿ, "ಯಮ್ಮಾ, ಬಲಗಣ್ಣಾಗ ಬೆಳ್ಳಗ ಕಾಣಾಕತ್ತದ, ತೋರಿಸೀರೇನು?" ಎಂದ.

"ನಿನ್ನ ಲೈಟಿನ ಝಳ ಅದು. ನೀ ಫೋಟೋ ಹೊಡಿ" ಎಂದೆ.

ಮಗ ಚಂದ್ರಪ್ಪ ಮಧ್ಯೆ ಬಾಯಿ ಹಾಕಲು ಬಂದ. ಅವನನ್ನೂ ಸುಮ್ಮನಿರಿಸಿದೆ. ಗುರುವಾರ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟಿನವರ ಮುಂದೆ ಕೂರಬೇಕು. ಕೆಲಸ ಬಿಟ್ಟು ಕರೆದುಕೊಂಡು ಹೋಗುತ್ತಾನೆ. ಒಳ್ಳೆಯ ಮಗ, ಸ್ವಲ್ಪ ಮಾತು ಜಾಸ್ತಿ.

ಡಿಸೆಂಬರ್ 2, ಮಂಗಳವಾರ

ಟೊಮ್ಯಾಟೊ ಗಿಡಗಳಿಗೆ ಹೊದಿಸಿದ ನೆಟ್ಟಿನೊಳಗೆ ಕ್ರಾಸಿಂಗ್ ಶುರುವಾಗಿ ಎಂಟು ದಿನ. ಆರು ಮಂದಿ ಹೆಂಗಸರು. ಅವರಲ್ಲಿ ಕುಲ್ಸುಮಬಿ ಇಪ್ಪತ್ತು ವರ್ಷದಿಂದ ನಮ್ಮ ಹೊಲಕ್ಕೆ ಬರುವವಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿಯಲ್ಲಿ ನನಗೆ ಸಮ. ಮೊದಲು ಕೈ ಚುರುಕಿತ್ತು, ಈಗ ಆಮೆ. ನಾವೆಲ್ಲ ಸಾಲು ಮುಗಿಸಿ ಹೊರಗೆ ಬೇವಿನ ಗಿಡದ ಕೆಳಗೆ ಕುಂತರೂ ಅವಳು ಇನ್ನೂ ಒಳಗೇ ಇರುತ್ತಾಳೆ.

"ಏನಬೇ, ಮೊಗ್ಗಿಗೆ ಜೋಗುಳ ಹಾಡಾಕತ್ತೀಯೇನ?" ಎಂದು ಕೂಗಿದೆ.

"ನಿನ್ನಂಗ ಓಡಾಕ ನಾ ಚೀನಾಕ್ಕ ಹೊಂಟಿಲ್ಲ ಯಕ್ಕಾ" ಎಂದಳು ಒಳಗಿಂದಲೇ.

ಹೋಗುವವಳು ನಾನು, ಪ್ರಶ್ನೆ ಅವಳದು. ವಿಮಾನದಲ್ಲಿ ಕಿಟಕಿ ತೆರೆಯುತ್ತಾರೇನು. ಅಲ್ಲಿ ಜೂನ್‌ನಲ್ಲಿ ಬಿಸಿಲೋ ಚಳಿಯೋ. ಅವರೂ ಚಿಮಟ ಹಿಡಿಯುತ್ತಾರೋ, ಬರಿ ಉಗುರಿನಿಂದ ಕೀಳುತ್ತಾರೋ. ಊಟ ಹೇಗೆ. ಊಟಕ್ಕೆ ನಾನು ಒಣಗಿಸಿದ ಕಟಕ ರೊಟ್ಟಿ ಒಯ್ಯುತ್ತೇನೆ, ದಿನಕ್ಕೆ ಐದು, ಹನ್ನೆರಡು ದಿನಕ್ಕೆ ಅರವತ್ತು ಎಂದೆ. ಕುಲ್ಸುಮಬಿ ಚಿಮಟ ನಿಲ್ಲಿಸಿ, "ಎಪ್ಪತ್ತು ಒಯ್ಯಿ. ಅವರು ಬಾಯಿ ನೋಡಿಕೋಂತ ಕುಂತರ ನೀ ಒಬ್ಬಾಕಿನ ಹೆಂಗ ತಿಂತಿ?" ಎಂದಳು. ಅದು ಖರೇ. ಎಪ್ಪತ್ತು.

ಹೊಸ ಚಿಮಟ ಸರಿಯಿಲ್ಲ, ತುದಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಹಳೆಯದನ್ನೇ ತೆಗೆದೆ. ಅದೂ ಹಾಗೇ ಆಗಿದೆ.

ಡಿಸೆಂಬರ್ 11, ಗುರುವಾರ

ಪಾಸ್‌ಪೋರ್ಟ್ ಬಂತು. ಅಂಚೆಯ ಫಕ್ಕೀರಪ್ಪ ಮನೆಯಲ್ಲಿ ಕೊಡದೆ ಹೊಲಕ್ಕೇ ತಂದುಕೊಟ್ಟ, ಬಿಸಿಲಲ್ಲಿ ಎರಡು ಮೈಲಿ. ಮಜ್ಜಿಗೆ ಕೊಟ್ಟೆ. ಹೆಂಗಸರೆಲ್ಲ ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ಸಹಿ ನೋಡಿದೆ. ಒಬ್ಬಳೇ ದೇವವ್ವನದು. ಸೊಸೆಗೆ ಹೇಳಲಿಲ್ಲ, ಹೇಳಿದರೆ ತಲೆಗೆ ಏರುತ್ತದೆ. ಕೈ ಕುದುರಿತಲ್ಲ, ಇನ್ನು ನೋಟುಬುಕ್ಕು ಬಿಡಬಹುದು.

ಡಿಸೆಂಬರ್ 15, ಸೋಮವಾರ

ಬಿಡುವ ವಿಚಾರ ಮಾಡಿ ಮತ್ತೆ ಕುಂತೆ.

ಕುಲ್ಸುಮಬಿ ಶುಕ್ರವಾರದಿಂದ ಬಂದಿಲ್ಲ. ಬ್ಯಾಡಗಿಯಲ್ಲಿ ಮಗಳು ಮುಸ್ಕಾನ್‌ಗೆ ಹೆರಿಗೆ. ಗಂಡು ಕೂಸು, ಇಬ್ಬರೂ ಆರಾಮ ಎಂದು ಅವಳ ಸೊಸೆ ಸಾಜಿಯಾ ಹೇಳಿದಳು. ಸಾಜಿಯಾ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ಆಮೆ ಇಲ್ಲ, ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದೇವೆ. ಬೈಯಲು ಯಾರೂ ಸಿಗದೆ ಬಾಯಿ ಒಣಗಿದೆ.

ಡಿಸೆಂಬರ್ 17, ಬುಧವಾರ

ಕಂಪನಿಯ ವಿಜಯಮಹಾಂತೇಶ ಬಂದಿದ್ದ. ವಾರಕ್ಕೊಮ್ಮೆ ಬಂದು ಹೂವು ನೋಡಿ ಹೋಗುವವನು. ಒಳ್ಳೆಯ ಹುಡುಗ, ಬಂದಾಗೆಲ್ಲ ಕಾಲು ಮುಟ್ಟುತ್ತಾನೆ. ಇವತ್ತು ನನ್ನ ಸಾಲಿನಲ್ಲಿ ಭೂತಗನ್ನಡಿ ಹಿಡಿದು ಬಗ್ಗಿದವನು ಏಳಲೇ ಇಲ್ಲ. ಸೀಳಿದ ಹೂಗಳನ್ನು ಒಂದೊಂದೇ ಕಿತ್ತು ಅಂಗೈಯಲ್ಲಿಟ್ಟುಕೊಂಡು ಬಂದ. ಹದಿನಾಲ್ಕು.

"ಅವ್ವಾರ, ಇವು ಭಾಳ ತಡಾ ಆಗ್ಯಾವ್ರಿ. ಪುಡಿ ಮೊದಲ ಬಿದ್ದೈತಿ. ಅಚ್ಚ ಹಳದಿ ಮೊಗ್ಗು ಸೀಳೀರಿ."

"ನನಗ ಹೇಳಾಕ ಬಂದೀಯೇನ? ನೀ ಹುಟ್ಟೂಕಿಂತ ಮೊದಲ ನಾ ಚಿಮಟ ಹಿಡದಾಕಿ. ಅವು ನನ್ನ ಹೂ ಅಲ್ಲ."

"ಸಾಲು ನಿಮ್ಮದರಿ."

"ಹಂಗಾರ ಯಾರೋ ನನ್ನ ಸಾಲಿಗೆ ಕೈ ಹಾಕ್ಯಾರ." ಹೆಂಗಸರ ಕಡೆ ತಿರುಗಿ ಬೈಯಬಾರದ್ದೆಲ್ಲ ಬೈದೆ. ಸಾಜಿಯಾಗೆ ತಡೆಯಲಿಲ್ಲ.

"ನಮ್ಮನ್ಯಾಕ ಬೈತೀರಿ ಅಜ್ಜಿ? ಅತ್ತಿ ಇದ್ದಿದ್ರ ಕಿತ್ತು ಒಗೀತಿದ್ಲು. ದಿನಾ ಕೀಳತಿದ್ಲು. ಈಗ ಐದು ದಿನ ಆಕಿ ಇಲ್ಲ, ಅದಕ್ಕ ಉಳದಾವು."

ವಿಜಯಮಹಾಂತೇಶ ಭೂತಗನ್ನಡಿಯನ್ನು ಒರೆಸಿಯೇ ಒರೆಸಿದ. ನಾನು ಮನೆಗೆ ಬಂದೆ.

ಡಿಸೆಂಬರ್ 18, ಗುರುವಾರ

ಹೊಲಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದೆ. ಮೈ ಸರಿಯಿದೆ.

ಡಿಸೆಂಬರ್ 19, ಶುಕ್ರವಾರ, ಎಳ್ಳಮಾವಾಸ್ಯೆ

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗದೆ ಇರುವ ಹಾಗಿಲ್ಲ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಹೊತ್ತುಕೊಂಡು ಹೋದೆವು. ಕೆಲಸದವರ ಮನೆಯವರೂ ಬಂದಿದ್ದರು. ಚಂದ್ರಪ್ಪ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲಿದ. ಕುಲ್ಸುಮಬಿ ಬ್ಯಾಡಗಿಯಿಂದ ನೇರ ಹೊಲಕ್ಕೇ ಬಂದಳು, ಕೈಯಲ್ಲಿ ಮೊಮ್ಮಗನ ಪೇಡೆ. ಬಸ್ಸಿಗೆ ಎದುರು ಹೋಗಿದ್ದ ಸಾಜಿಯಾ ದಾರಿಯಲ್ಲೇ ಎಲ್ಲಾ ಹೇಳಿದ್ದಳು ಎಂದು ಮುಖದಲ್ಲಿ ಗೊತ್ತಾಯಿತು.

ಉಂಡಾದ ಮೇಲೆ ಅವಳನ್ನು ನೆಟ್ಟಿನೊಳಗೆ ಕರೆದುಕೊಂಡು ಹೋದೆ.

"ಎಷ್ಟ ದಿನಾ ಆತು?"

"ಏನು ಎಷ್ಟ ದಿನಾ?"

"ಕುಲ್ಸುಮ, ನನ್ನ ಸಿಟ್ಟು ನಿನಗ ಗೊತ್ತೈತಿ."

"ಗೊತ್ತೈತಿ, ಅದಕ್ಕ ಹೇಳಿಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ಈ ವರ್ಷ. ಮೊದಲ ವಾರಕ್ಕ ನಾಲ್ಕೈದು ಹೂ ಇರತಿದ್ದವು. ಈಗೀಗ ಇಪ್ಪತ್ತು ಮೂವತ್ತು."

"ನನಗ ಹೇಳಬೇಕಿತ್ತು."

"ಹೇಳಿದ್ರ ಏನ ಮಾಡತಿದ್ದಿ? ನನ್ನ ಬೈತಿದ್ದಿ, ಚಿಮಟ ಒಗೀತಿದ್ದಿ, ಮನ್ಯಾಗ ಕುಂದ್ರತಿದ್ದಿ. ನಿನ್ನ ಕೂಡ ಜಗಳಾಡೂಕಿಂತ ಹೂ ಕೀಳೂದು ಸಸಾರ. ಮತ್ತ ನಿನ್ನ ಸಾಲಿನ ಬೀಜ, ನನ್ನ ಸಾಲಿನ ಬೀಜ ಎಲ್ಲಾ ಒಂದ ಚೀಲಕ್ಕ ಹೋಗತೈತಿ. ನಿನ್ನದು ಕೆಟ್ಟರ ನಂದು ಉಳೀತದೇನು?"

ಅವಳು ಎರಡು ಮೊಗ್ಗು ಕಿತ್ತು ನನ್ನ ಅಂಗೈಯಲ್ಲಿಟ್ಟಳು.

"ಇವುದ್ರಾಗ ತಿಳಿಹಳದಿ ಯಾವುದು ಹೇಳು."

ಎರಡೂ ಒಂದೇ. ಬಿಸಿಲಿಗೆ ಹಿಡಿದೆ. ಎರಡೂ ಒಂದೇ, ಹಳೇ ಬೆಣ್ಣೆಯ ಬಣ್ಣ.

"ಅಳಬ್ಯಾಡ, ಅಳಾಕತ್ತರ ನಿನಗ ಚೊಲೋ ಕಾಣಂಗಿಲ್ಲ" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಅಳುತ್ತಿರಲಿಲ್ಲ. ಗಾಳಿಗೆ ನೀರು ಬಂದಿತ್ತು.

ಮೂರು ಬೆಳೆಯ ಕಾಲ. ಒಂದು ದಿನವಲ್ಲ, ಎರಡು ದಿನವಲ್ಲ. ನಾನು ಗಿಡದ ಕೆಳಗೆ ಕುಂತು ನೀರು ಕುಡಿಯುತ್ತ ಆಮೆ ಎಂದು ಕೂಗುತ್ತಿದ್ದಾಗ ಅವಳು ನನ್ನ ತಪ್ಪು ಆಯುತ್ತಿದ್ದಳು.

ಡಿಸೆಂಬರ್ 24, ಬುಧವಾರ

ಹಾವೇರಿ. ಕಣ್ಣಿನ ಡಾಕ್ಟರಮ್ಮ ಎರಡೂ ಕಣ್ಣಿಗೆ ಪೊರೆ ಎಂದಳು. ಬಲಗಣ್ಣಿಗೆ ಪೂರಾ ಬಲಿತಿದೆ. ಪೊರೆ ಬಂದರೆ ಎಲ್ಲಾ ಹಳದಿಯಾಗಿ ಕಾಣುತ್ತದಂತೆ, ಹಳದಿ ಹಳದಿಯ ಭೇದ ತಿಳಿಯುವುದಿಲ್ಲವಂತೆ.

"ಇಷ್ಟ ದಿನಾ ಹೆಂಗ ನಡೆಸಿದ್ರಿ ಅಜ್ಜಿ?" ಎಂದು ಕೇಳಿದಳು.

"ಬ್ಯಾರೇದವರು ನಡೆಸಿದ್ರು" ಎಂದೆ.

ಸೋಮವಾರ ಬಲಗಣ್ಣಿನ ಆಪರೇಷನ್. ಎಡಗಣ್ಣು ಮುಂದಿನ ತಿಂಗಳು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಆ ಫೋಟೋದವನ ಅಂಗಡಿ ಇತ್ತು. ಒಳಗೆ ಹೋಗಿ, ನೀನು ಹೇಳಿದ್ದು ಖರೇ, ಬೈದದ್ದು ತಪ್ಪಾಯಿತು ಎಂದೆ. ಅವನಿಗೆ ನಾನು ಯಾರೆಂದೇ ನೆನಪಿರಲಿಲ್ಲ. ಆದರೂ ಸ್ಟೂಲು ಕೊಟ್ಟು ಕೂರಿಸಿದ.

ಜನವರಿ 3, 2026, ಶನಿವಾರ

ಬರೆಯಬೇಡ ಎಂದಿದ್ದರು. ಡಾಕ್ಟರ ಮಾತು ಮೀರುವ ಹಾಗಿಲ್ಲ. ಆದರೆ ಮೂರನೇ ದಿನಕ್ಕೇ ಕೈ ಚಡಪಡಿಸಿತು. ಇವತ್ತು ಸ್ವಲ್ಪ ಬರೆಯಿರಿ ಎಂದು ಅಪ್ಪಣೆ ಕೊಟ್ಟಿದ್ದಾರೆ.

ನೋಟುಬುಕ್ಕಿಗೆ ಗೆರೆಗಳಿವೆ. ನೀಲಿ. ನಾನು ಇಷ್ಟು ದಿನ ಗೆರೆ ಬಿಟ್ಟು ಗುಡ್ಡ ಹತ್ತಿದ ಹಾಗೆ ಬರೆದಿದ್ದೇನೆ. ಸೊಸೆಯ ಮೂಗುಬೊಟ್ಟಿನ ಹರಳು ಕೆಂಪು ಎಂದು ಇವತ್ತು ಕಂಡಿತು. ಹನ್ನೊಂದು ವರ್ಷದಿಂದ ಹಾಕಿಕೊಂಡಿದ್ದಾಳಂತೆ. ಐದು ದಿನ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಿದ್ದಾಳೆ, ಒಂದು ಸಲವೂ ಮರೆತಿಲ್ಲ.

ಕುಲ್ಸುಮಬಿ ನೋಡಲು ಬಂದಳು. ಹೊಲದ ಕೆಲಸವೆಲ್ಲ ಈಗ ಅವಳ ಕೈಯಲ್ಲಿ. ಬಾಗಿಲಲ್ಲಿ ನಿಂತವಳನ್ನು ನೋಡಿ ನನಗೆ ಗಾಬರಿಯಾಯಿತು.

"ಕುಲ್ಸುಮ, ಇದೇನಬೇ, ಇಷ್ಟ ಮುದುಕಿ ಯಾವಾಗ ಆದಿ?"

"ನಿನಗ ಇನ್ನೂ ಯಾರೂ ಕನ್ನಡಿ ಕೊಟ್ಟಿಲ್ಲೇನು?"

ರೋಹಿಣಿ ಒಳಗೆ ನಗುತ್ತಿದ್ದಳು. ನನಗೂ ನಗು ಬಂತು. ನಗಬಾರದು, ಕಣ್ಣಿಗೆ ಒತ್ತುತ್ತದೆ.

ಜನವರಿ 8, ಗುರುವಾರ

ವಿಜಯಮಹಾಂತೇಶ ಬಂದು ಕಾಲು ಮುಟ್ಟಿದ. ಆ ಹದಿನಾಲ್ಕು ಹೂ ಅವನು ಕಾಗದದಲ್ಲಿ ಬರೆದಿಲ್ಲವಂತೆ. ಕಿತ್ತು ಹಾಕಿದ್ದಾಯಿತು, ಬೀಜಕ್ಕೆ ಸೇರಲಿಲ್ಲ, ಯಾಕೆ ಬರೆಯಲಿ ಎಂದ. ಕಣ್ಣು ಸರಿಯಾಯಿತಲ್ಲ, ನೀವು ಆರಾಮ ಚೀನಾಕ್ಕೆ ಹೋಗಿ ಬನ್ನಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಕುಲ್ಸುಮಬಿ ಹೆಸರೂ ಹಾಕು" ಎಂದೆ.

"ಅದು ಆಗಂಗಿಲ್ಲರಿ ಅವ್ವಾರ. ಬೀಜ ಕೊಡೋ ರೈತರಷ್ಟ ಹೋಗೂದು. ಹೊಲ ಯಾರ ಹೆಸರಿಲೆ ಐತೋ ಅವರು. ಆಕಿ ಕೆಲಸದಾಕಿ."

"ಹೊಲ ಹೂ ಸೀಳತೈತೇನ?"

"ನನ್ನ ಕೈಯಾಗಿಲ್ಲರಿ. ಮ್ಯಾಲಿನವರು ಕೇಳತಾರ. ಯಾಕ ಅಂತ ಕೇಳಿದರ ಈ ಹೂವಿನ ಸುದ್ದಿ ಹೇಳಬೇಕಾಗತೈತಿ. ಹೇಳಿದರ ನಿಮ್ಮ ಹೆಸರೂ ತಗೀತಾರ. ಸುಮ್ನ ಹೋಗಿ ಬರ್ರಿ."

ಅವನು ಹೋದ ಮೇಲೆ ಪಾಸ್‌ಪೋರ್ಟ್ ತೆಗೆದು ನೋಡಿದೆ. ಈಗ ಅದರ ಬಣ್ಣವೂ ಕಾಣುತ್ತದೆ, ಚಂದದ ನೀಲಿ. ನನಗೆ ಹೋಗಬೇಕಾಗಿದೆ. ಇದರಲ್ಲಿ ಸುಳ್ಳು ಬರೆಯುವುದಿಲ್ಲ. ಬಹಳ ಹೋಗಬೇಕಾಗಿದೆ.

ಜನವರಿ 10, ಶನಿವಾರ

ಹೊಲಕ್ಕೆ ಹೋಗಿದ್ದೆ. ಚಿಮಟ ಮುಟ್ಟಬಾರದು, ನೋಡಬಹುದು. ಕುಲ್ಸುಮಬಿಯ ಹಿಂದೆ ಹಿಂದೆ ನಡೆದು ಅವಳ ಕೈ ನೋಡಿದೆ. ಒಂದು ಮೊಗ್ಗಿಗೆ ಒಂದು ಉಸಿರು. ಹೂವಿನ ನಡುವಿನ ಹೆಣ್ಣು ಕಡ್ಡಿ ಅಲುಗುವುದಿಲ್ಲ. ಆಮೆಯಲ್ಲ ಅವಳು. ತನ್ನ ಸಾಲು ನಮಗಿಂತ ಮೊದಲೇ ಮುಗಿಸಿ ನನ್ನದಕ್ಕೆ ಬರುತ್ತಿದ್ದಳು.

"ಕುಲ್ಸುಮ, ಚೀನಾಕ್ಕ ಬರತೀಯೇನ?"

ಅವಳು ತಲೆ ಎತ್ತಲಿಲ್ಲ. "ಜೂನ್‌ನ್ಯಾಗ ಅಲ್ಲಿ ಹೂ ಬಿಟ್ಟಿರತಾವಲ್ಲ?"

"ಬಿಟ್ಟಿರತಾವ."

"ಉಗುರೀಲೆ ಕೀಳತಾರೋ ಚಿಮಟದಿಂದೋ, ನೀ ನೋಡಿಕೊಂಡು ಬಂದು ಸರಿಯಾಗಿ ಹೇಳಂಗಿಲ್ಲ. ನಿನಗ ಹೇಳಾಕ ಬರಂಗಿಲ್ಲ, ಬೈಯಾಕಷ್ಟ ಬರತೈತಿ." ಇನ್ನೆರಡು ಮೊಗ್ಗು ಸೀಳಿದಳು. "ನನ್ನ ಆಧಾರ್ ಕಾರ್ಡು, ಸಾಲೀ ದಾಖಲೆ ಎಲ್ಲಾ ಒಂದ ಚೀಲದಾಗ ಹಾಕಿಟ್ಟೇನಿ. ಸುಮ್ನ ಇಟ್ಟೇನಿ."

ಯಾವಾಗಿಂದ ಎಂದು ನಾನು ಕೇಳಲಿಲ್ಲ.

ಜನವರಿ 12, ಸೋಮವಾರ

ರೋಹಿಣಿ ಬರೆದುಕೊಡುತ್ತೇನೆ ಎಂದಳು. ಬೇಡ ಎಂದೆ. ಕಂಪನಿಯ ದೊಡ್ಡ ಸಾಹೇಬರಿಗೆ ನಾನೇ ಬರೆದೆ. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಚಂದ್ರಪ್ಪನ ಕೈಯಲ್ಲಿ ರಾಣೇಬೆನ್ನೂರಿಗೆ ಕಳಿಸಿದೆ. ಏನು ಬರೆದೆ ಎಂದು ಮುಂದೆ ಮರೆಯಬಾರದು, ಅದಕ್ಕೆ ಇಲ್ಲಿ ಇಳಿಸಿಕೊಂಡಿದ್ದೇನೆ.

ಸಾಹೇಬರಿಗೆ ಕುಪ್ಪೇಲೂರಿನ ದೇವವ್ವ ತಿಳಿಸುವುದು. ಮೂರು ವರ್ಷ ನಮ್ಮ ಹೊಲದ ಬೀಜ ಚೊಕ್ಕ ಬಂತೆಂದು ನನ್ನನ್ನು ಚೀನಾಕ್ಕೆ ಆರಿಸಿದ್ದೀರಿ. ಮೊದಲ ವರ್ಷದ್ದು ನನ್ನ ಕೈ. ಆಮೇಲಿನ ಎರಡು ವರ್ಷ ನನ್ನ ಕಣ್ಣಿಗೆ ಪೊರೆ ಬಂದಿತ್ತು, ನನಗೆ ತಿಳಿಯಲಿಲ್ಲ. ನಾನು ಕೆಡಿಸಿದ ಹೂಗಳನ್ನು ದಿನಾ ನನ್ನ ಹಿಂದೆ ಬಂದು ಕಿತ್ತು ಬೀಜ ಉಳಿಸಿದವಳು ಕುಲ್ಸುಮಬಿ. ನಿಮ್ಮ ವಿಜಯಮಹಾಂತೇಶನ ತಪ್ಪು ಏನೂ ಇಲ್ಲ, ಅವನನ್ನು ಬೈಯಬೇಡಿ. ಹೊಲ ನನ್ನ ಹೆಸರಿನಲ್ಲಿದೆ, ಕೆಲಸ ಅವಳದು. ಚೀನಾದವರು ನೋಡಬೇಕಾದದ್ದು ಕೆಲಸ. ಇಬ್ಬರ ಹೆಸರೂ ಹಾಕಿರಿ. ಒಂದೇ ಹೆಸರು ಎನ್ನುವುದಾದರೆ ನನ್ನದನ್ನು ಹೊಡೆದುಹಾಕಿ ಅವಳದನ್ನು ಬರೆಯಿರಿ. ನಾನು ಸಿಟ್ಟಾಗುವುದಿಲ್ಲ, ಆದರೂ ನಿಮ್ಮ ಕಂಪನಿಗೆ ಬಂದು ಒಂದು ಸಲ ಬೈದು ಹೋಗುತ್ತೇನೆ. ಇಷ್ಟು ದಿನ ನಮ್ಮನ್ನು ನಂಬಿದ್ದೀರಿ, ಉಪಕಾರ ಆಯಿತು. ಅವಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ದಿನ ಬೇಕು. ಅದಕ್ಕೆ ನೋಡುತ್ತೇವೆ, ವಿಚಾರ ಮಾಡುತ್ತೇವೆ ಎಂದು ಹೇಳಿ ಕಳಿಸಬೇಡಿ. ಹೌದೋ ಅಲ್ಲವೋ, ಜನವರಿ 20, ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಬರೆದು ಉತ್ತರ ಕೊಡಿರಿ.